ಯಾವು ಎಂದರೆ

ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು ‘ಯಾವು’. ತುಳುವಿನಲ್ಲಿ ಯಾವು ಎಂದರೆ ಸಾಕು. ಆ ಮಾತು ಕಿವಿಗೆ ಬಿದ್ದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಅಪ್ಪ ಅದನ್ನು ಗದರಿಸಿ ಹೇಳುವುದಿಲ್ಲ. ಗದರಿಸಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು. ಅವರು ಅದನ್ನು ಮೆಲ್ಲಗೆ, ಬೆನ್ನು ತಟ್ಟಿದ ಹಾಗೆ ಹೇಳುತ್ತಾರೆ. ಬೆನ್ನು ತಟ್ಟುವವರ ಜೊತೆ ಜಗಳ ಆಡುವುದು ಹೇಗೆ?

ಅಪ್ಪನ ಹೆಸರು ಮುಂಡಪ್ಪ. ಡೊಂಬಿವಲಿ ಪೂರ್ವದ ಒಂದು ವೆಜ್ ಹೋಟೆಲಿನಲ್ಲಿ ಮೊದಲು ಬಡಿಸುತ್ತಿದ್ದರು, ಆಮೇಲೆ ಕೌಂಟರಿನಲ್ಲಿ ಕುಳಿತರು, ಈಗ ಅದರಲ್ಲಿ ಪಾಲುದಾರರು. ಗಿರಾಕಿ ಸಾಕು ಅನ್ನುವ ತನಕ ಸಾಂಬಾರಿನ ಸೌಟು ನಿಲ್ಲಿಸಬಾರದು ಎಂದು ಹೋಟೆಲಿನವರಿಗೆಲ್ಲ ಪಾಠ ಹೇಳುವ ಮನುಷ್ಯ. ಮನೆಯಲ್ಲಿ ಮಾತ್ರ ಬಡಿಸುವವರೇ ಸಾಕು ಅನ್ನುತ್ತಾರೆ.

ಶಾಲೆಗೆ ಕೀರ್ತನಣ್ಣನ ಹಳೆಯ ಚೀಲ ಸಾಕಾಯಿತು. ನಾನು ಸೈನ್ಸ್ ಅಂದೆ, ಕಾಮರ್ಸ್ ಸಾಕಾಯಿತು. ಕಾಲೇಜಿಗೆ ಕೀರ್ತನಣ್ಣ ಉಪಯೋಗಿಸಿ ಬಿಟ್ಟ ಲ್ಯಾಪ್‌ಟಾಪ್ ಬಂತು. ಅದರ ಒಂದು ಮೂಲೆ ಒಡೆದಿತ್ತು, ‘ಎಸ್’ ಅಕ್ಷರ ಒತ್ತಿದರೆ ಬೀಳುತ್ತಿರಲಿಲ್ಲ. ನನ್ನ ಹೆಸರೇ ಸೌಜನ್ಯ. ಹೆಸರು ಬರೆಯಲೂ ಆಗದ ಲ್ಯಾಪ್‌ಟಾಪಿಗೆ ಕೂಡ ಅಪ್ಪ ಯಾವು ಅಂದರು.

ಈ ಕೀರ್ತನಣ್ಣ ನನ್ನ ದೊಡ್ಡಪ್ಪನ ಮಗ. ದೊಡ್ಡಪ್ಪನೇ ಅಪ್ಪನನ್ನು ಕಾಪುವಿನಿಂದ ಕರೆತಂದು ಹೋಟೆಲಿಗೆ ಸೇರಿಸಿದ್ದು. ದೊಡ್ಡಪ್ಪ ಈಗಿಲ್ಲ. ಆ ಋಣವನ್ನು ಅಪ್ಪ ಅವರ ಮಗನನ್ನು ತಲೆಯ ಮೇಲೆ ಕೂರಿಸಿಕೊಂಡು ತೀರಿಸುತ್ತಿದ್ದಾರೆ. ಅಪ್ಪ ತೀರಿಸಲಿ, ನನ್ನ ತಕರಾರಿಲ್ಲ. ಆದರೆ ಅವನು ಕೂತದ್ದು ಅಪ್ಪನ ತಲೆಯ ಮೇಲೆ, ಭಾರ ಬಿದ್ದದ್ದು ನನ್ನ ಕತ್ತಿನ ಮೇಲೆ. ಕೀರ್ತನಣ್ಣ ನೆರೂಳದಲ್ಲಿ ಇರುತ್ತಾನೆ, ಒಂದು ಕಂಪ್ಯೂಟರ್ ಕಂಪೆನಿಯಲ್ಲಿ ಜನರ ರಜೆ, ಹಾಜರಿ ನೋಡಿಕೊಳ್ಳುತ್ತಾನೆ. ಕಂಪ್ಯೂಟರ್ ಕಂಪೆನಿಯ ಬಾಗಿಲೊಳಗೆ ಹೋಗಿಬರುವವರಿಗೆಲ್ಲ ಕಂಪ್ಯೂಟರ್ ಗೊತ್ತು ಎಂದು ಅಪ್ಪ ನಂಬಿದ್ದಾರೆ. ಹಾಗಾದರೆ ಬ್ಯಾಂಕಿನ ವಾಚ್‌ಮನ್ ಕೋಟ್ಯಧಿಪತಿ ಆಗಬೇಕಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಮನೆಯವರ ಜೊತೆ ಆಡುವುದು ತುಳು. ನಾನು ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಆ ಒಂದು ಶಬ್ದ ಬಿಟ್ಟು.

ನನಗೆ ಗೇಮಿಂಗ್ ಪಿಸಿ ಬೇಕಿತ್ತು. ಮಹಾಪೆಯ ನನ್ನ ಆಫೀಸಿನಲ್ಲಿ ತನ್ವಿ ಎಂಬವಳಿದ್ದಾಳೆ. ಅವಳು ನೆರೂಳದ ಒಂದು ಗೇಮಿಂಗ್ ಪಾರ್ಲರಿಗೆ ಕರೆದುಕೊಂಡು ಹೋಗಿ ಆಟ ಕಲಿಸಿದಳು. ಹೆಡ್‌ಫೋನ್ ಹಾಕಿ ಕುಳಿತರೆ, ಎದುರಿನ ಗೋಡೆಯ ಹಿಂದೆ ಯಾರು ಎಲ್ಲಿ ಹೆಜ್ಜೆ ಇಡುತ್ತಿದ್ದಾರೆ ಎಂಬುದು ಕಿವಿಗೆ ಗೊತ್ತಾಗುತ್ತದೆ. ಎಡಕ್ಕೋ ಬಲಕ್ಕೋ, ನಿಲ್ಲಬೇಕೋ ನುಗ್ಗಬೇಕೋ, ಎಲ್ಲ ನಾನೇ ನಿರ್ಧರಿಸಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ತಪ್ಪಿದರೆ ಸಾಯುವುದೂ ನಾನೇ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಆ ಸುಖ ಮನೆಯಲ್ಲಿ, ನನ್ನ ಮೇಜಿನ ಮೇಲೆ, ನಾನು ಆರಿಸಿದ ಯಂತ್ರದಲ್ಲಿ ಬೇಕು ಅನ್ನಿಸಿತು. ಆರಿಸುವುದು ಮಾತ್ರ ನಾನೇ ಆಗಬೇಕು. ಬೇರೆ ಎಲ್ಲದರಲ್ಲಿ ರಾಜಿಗೆ ಸಿದ್ಧಳಿದ್ದೆ.

ಮೊದಮೊದಲು ನನಗೂ ತಲೆಬುಡ ಗೊತ್ತಿರಲಿಲ್ಲ. ಬಣ್ಣದ ದೀಪ ಹೆಚ್ಚಿದ್ದಷ್ಟು ಪಿಸಿ ಜೋರು ಅಂದುಕೊಂಡಿದ್ದೆ. ಬಲ್ಬನ್ನು ಹೋಲ್ಡರಿಗೆ ಹಾಕಿದ ಹಾಗೆ ಯಾವ ಪ್ರೊಸೆಸರನ್ನೂ ಯಾವ ಮದರ್‌ಬೋರ್ಡಿಗೂ ಕೂರಿಸಬಹುದು ಅಂದುಕೊಂಡಿದ್ದೆ. ಆಫೀಸಿಗೆಂದು ಠಾಣೆ ಸ್ಟೇಶನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಘನ್‌ಸೋಲಿಗೆ ಹೋಗುವ ದಾರಿಯಲ್ಲಿ ಓದಿದೆ, ವಿಡಿಯೊ ನೋಡಿದೆ, ತನ್ವಿಯ ತಲೆ ತಿಂದೆ. ಮೆಲ್ಲಗೆ ಬುದ್ಧಿ ಬಂತು. ಬಜೆಟ್ ಸಣ್ಣದಿದ್ದರೆ ಅದರ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಯಾಕೆಂದರೆ ಆಟದ ಚಿತ್ರವನ್ನೆಲ್ಲ ಬಿಡಿಸುವುದು ಅದೇ. ಪ್ರೊಸೆಸರ್ ಮಧ್ಯಮದ್ದಾದರೂ ಹೊಸ ತಲೆಮಾರಿನದ್ದಿರಬೇಕು. ರ್‍ಯಾಮ್ ದೊಡ್ಡದೊಂದರ ಬದಲು ಸಣ್ಣದೆರಡು ಹಾಕಬೇಕು. ಇವಕ್ಕೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಹೆಸರಿಲ್ಲದ್ದು ತರಲೇಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಆದರೆ ತಲೆ ಯಾವ ಕಡೆ ಇಡಬೇಕು ಎಂದು ಮಲಗುವವರು ತಾನೇ ಹೇಳಬೇಕು?

ಅಂಗಡಿ ಹುಡುಕಿದ್ದೂ ನಾನೇ. ವಿಠ್ಠಲವಾಡಿ ಸ್ಟೇಶನ್ನಿನಿಂದ ಉಲ್ಹಾಸನಗರದ ಕಡೆ ಹೋಗುವ ರಸ್ತೆಯಲ್ಲಿ ವಸಂತಕುಮಾರ ಎಂಬವರ ಅಂಗಡಿ. ಗದಗದ ಕಡೆಯವರು. ಮೊದಲ ಸಲ ಹೋದಾಗ ಹಿಂದಿಯಲ್ಲಿ ಶುರುಮಾಡಿದೆವು. ನನಗೆ ಫೋನ್ ಬಂದು ನಾನು ಅಮ್ಮನ ಜೊತೆ ಮಾತಾಡುವಾಗ ಒಂದೆರಡು ಕನ್ನಡ ಶಬ್ದ ಬಿತ್ತೇನೋ, ಅವರ ಮುಖ ಅರಳಿತು.

“ನಮ್ಮವರs ಅದೀರಲ್ಲ! ಹೇಳವ್ವಾ ತಂಗಿ, ಯಾವು?” ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. “ಯಾವು ಅಂದ್ರೆ? ನಾನಿನ್ನೂ ಶುರುವೇ ಮಾಡಿಲ್ಲ. ಇಲ್ಲಿಯೂ ಸಾಕಾ?” ಎಂದು ಹಾರಿಬಿದ್ದೆ.

ಅವರು ಬೆಪ್ಪಾಗಿ ನೋಡಿದರು. “ಸಾಕು ಅಂತ ಯಾರಂದ್ರು? ಯಾವು ಬೇಕು ಅಂತ ಕೇಳಿದೆ. ಯಾವ ಯಾವ ಪಾರ್ಟು?”

ಆಗ ತಿಳಿಯಿತು. ಅವರ ಊರಿನಲ್ಲಿ ಯಾವು ಎಂದರೆ ಯಾವುವು. ಅಪ್ಪ ಬಾಗಿಲು ಮುಚ್ಚುವುದಕ್ಕೆ ಉಪಯೋಗಿಸುವ ಶಬ್ದದಿಂದಲೇ ಈ ಮನುಷ್ಯ ಅಂಗಡಿ ತೆರೆಯುತ್ತಾರೆ. ಆ ದಿನ ಗಾಡಿಯಲ್ಲಿ ಒಬ್ಬಳೇ ನಕ್ಕೆ. ಮನೆಗೆ ಬಂದ ಮೇಲೆ ನಗುವುದಕ್ಕೆ ಏನೂ ಇರಲಿಲ್ಲ.

ಪಿಸಿಯ ಮಾತು ಎತ್ತಿದ್ದೇ ತಡ, ಅಮ್ಮ, ಅಂದರೆ ಜಯಲತಾ, “ಹುಡುಗಿಗೆ ಎಂತ ಆಟ? ಅದೇ ದುಡ್ಡಿಗೆ ಒಂದು ಬಳೆ ಮಾಡಿಸು” ಅಂದಳು. ಅಪ್ಪ ಬೇಡ ಅನ್ನಲಿಲ್ಲ. “ತಗೋ. ಆದ್ರೆ ಕೀರ್ತನ್ ಬಂದು ನೋಡಲಿ. ಅವನು ಹೇಳಿದ್ದು ತಗೊಂಡ್ರೆ ಯಾವು” ಅಂದರು. ದುಡ್ಡು ನನ್ನದು, ನಾನು ದುಡಿದದ್ದು. ಆದರೆ ನಮ್ಮ ಮನೆಯಲ್ಲಿ ದುಡ್ಡು ಯಾರದ್ದು ಎನ್ನುವುದಕ್ಕಿಂತ ಮಾತು ಯಾರದ್ದು ಎನ್ನುವುದು ದೊಡ್ಡದು.

ಭಾನುವಾರ ಕೀರ್ತನಣ್ಣ ನೆರೂಳದಿಂದ ಕಾರು ತಂದ. ಡಿಕ್ಕಿಯಲ್ಲಿ ಅವನ ಹಳೆಯ ಮಾನಿಟರ್ ಇತ್ತು. ಹೊಸದು ತೆಗೆದುಕೊಂಡನಂತೆ, ಹಳೆಯದನ್ನು ನನಗೆ ದಾನ ಮಾಡಲು ಬಂದಿದ್ದ. ಅಪ್ಪನಿಗೆ ಕಣ್ಣು ತುಂಬುವುದೊಂದು ಬಾಕಿ. ಅಪ್ಪ ಅವನ ಪಕ್ಕ ಕುಳಿತರು, ನಾನು ಹಲ್ಲು ಕಚ್ಚಿ ಹಿಂದಿನ ಸೀಟಿನಲ್ಲಿ ಕುಳಿತೆ.

ಅಂಗಡಿಯಲ್ಲಿ ವಸಂತಕುಮಾರರು ನನ್ನನ್ನು ನೋಡಿ ನಕ್ಕರು, ಅಪ್ಪನಿಗೆ ಒಂದು ಸ್ಟೂಲು ಹಾಕಿದರು. ಬಾಯಿ ತೆರೆಯುವುದರೊಳಗೆ ಕೀರ್ತನಣ್ಣ ಕೌಂಟರಿಗೆ ಮೊಳಕೈ ಊರಿದ. ಅವನಿಗೆ ತುಳುವೂ ಕನ್ನಡವೂ ಅರ್ಥವಾಗುತ್ತವೆ ಅನ್ನುತ್ತಾನೆ, ಬಾಯಲ್ಲಿ ಬರುವುದು ಹಿಂದಿ ಒಂದೇ.

“ಭಾಯ್, ಪೆಹಲೇ ಕ್ಯಾಬಿನೆಟ್ ದಿಖಾವ್. ಲೈಟ್‌ವಾಲಾ.”

ಅವನ ಆಯ್ಕೆ ಡಬ್ಬಿಯಿಂದ ಶುರುವಾಯಿತು, ನೋಡಿ! ಮೂರು ಕಡೆ ಗಾಜು, ಒಳಗೆ ಫ್ಯಾನು, ಫ್ಯಾನಿನ ಸುತ್ತ ಹಸಿರು ಕೆಂಪು ನೀಲಿ ದೀಪ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಅದರ ಜೊತೆ ಪವರ್ ಸಪ್ಲೈ ಫ್ರೀ ಎಂದು ಚೀಟಿ ಅಂಟಿಸಿತ್ತು. ಆ ಪವರ್ ಸಪ್ಲೈಗೆ ತಂದೆ ತಾಯಿ ಇಟ್ಟ ಹೆಸರೂ ಇರಲಿಲ್ಲ.

“ಪ್ರೊಸೆಸರ್ ಐ-ಸೆವೆನ್ ಡಾಲ್ ದೋ. ಸೆಕೆಂಡ್‌ಹ್ಯಾಂಡ್ ಚಲೇಗಾ. ಗ್ರಾಫಿಕ್ಸ್ ಕಾರ್ಡ್ ಕಾ ಬಾದ್ ಮೇ ದೇಖೇಂಗೇ.”

“ಕೀರ್ತನಣ್ಣ, ಕಾರ್ಡ್ ಇಲ್ಲದಿದ್ರೆ ಗೇಮಿಂಗ್ ಪಿಸಿ ಹೇಗೆ ಆಗ್ತದೆ? ಆ ಐ-ಸೆವೆನ್ ಯಾವ ಕಾಲದ್ದು? ಅದರ ಬೋರ್ಡ್ ಹೊಸದು ಈಗ ಸಿಗುವುದೂ ಇಲ್ಲ” ಅಂದೆ.

ಅವನು ನನ್ನ ತಲೆ ಸವರಿದ. ನಿಜವಾಗಿ ಸವರಿದ, ನಾಯಿಮರಿಯದ್ದು ಸವರಿದ ಹಾಗೆ. “ಅರೆ, ತೂ ಬೈಠ್ ನಾ. ತೇರೇಕೋ ಕ್ಯಾ ಸಮಝ್ತಾ ಹೈ ಇಸ್‌ಮೇ? ಐ-ಸೆವೆನ್ ಮತ್ಲಬ್ ಐ-ಸೆವೆನ್.”

ನನಗೇನು ತಿಳಿಯುತ್ತದೆ, ಸುಮ್ಮನೆ ಕೂರಬೇಕಂತೆ! ಇಪ್ಪತ್ತಾರು ವರ್ಷ ನುಂಗಿದ್ದೆಲ್ಲ ಹೊರಗೆ ಬಂತು. “ಹಾಗಾದ್ರೆ ಹೇಳು, ಅದು ಯಾವ ಸಾಕೆಟ್ಟಿನದ್ದು? ಈ ಫ್ರೀ ಸಪ್ಲೈ ಎಷ್ಟು ವ್ಯಾಟ್ ಕೊಡ್ತದೆ? ಹೇಳು ನೋಡುವ. ರಜೆ ಹಾಜರಿ ಬರೆಯುವವನಿಗೆ ಎಷ್ಟು ಸಮಝ್ತಾ ಹೈ ನಾನೂ ನೋಡ್ತೇನೆ!”

ಅಂಗಡಿಯಲ್ಲಿದ್ದ ಇತರ ಗಿರಾಕಿಗಳು ತಿರುಗಿ ನೋಡಿದರು. ಕೀರ್ತನಣ್ಣನ ಕಿವಿ ಕೆಂಪಾಯಿತು. ಆಗ ಅಪ್ಪ ಸ್ಟೂಲಿನಿಂದ ಎದ್ದು ಕೈ ಮೇಲೆತ್ತಿ, ಅದೇ ಮೆಲ್ಲನೆಯ ದನಿಯಲ್ಲಿ ಅಂದರು:

“ಯಾವು, ಯಾವು.”

ಅಂಗಡಿಯವರೆದುರು, ಹೊರಗಿನವರೆದುರು, ನನ್ನ ದುಡ್ಡಿನ ಮೇಲೆ, ನಾನು ಕಲಿತದ್ದರ ಮೇಲೆ, ಅದೇ ಮಾತು. ಆದರೆ ವಸಂತಕುಮಾರರು ಚುರುಕಾಗಿ ಹಿಂದಕ್ಕೆ ತಿರುಗಿ ಕಪಾಟಿನಿಂದ ಮೂರು ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಇಳಿಸಿದರು.

“ಯಾವು ಅಂದ್ರ, ಇವು ಮೂರು ಅದಾವ್ರಿ ಯಜಮಾನ್ರ. ನೋಡ್ರಿ.”

ಅಪ್ಪ ಗಾಬರಿಯಾದರು. ಜೋರಾಗಿ ಕೈ ಆಡಿಸಿದರು. “ಯಾವು ಮಾರಾಯ್ರೆ, ಯಾವು!”

“ಮತ್ತೂ ಅದಾವಲ್ಲ!” ವಸಂತಕುಮಾರರು ಏಣಿ ಹತ್ತಿ ಮೇಲಿನ ಖಾನೆಯಿಂದ ಇನ್ನೂ ಎರಡು ತಂದರು. ಆಮೇಲೆ ಪವರ್ ಸಪ್ಲೈ. ಆಮೇಲೆ ಮದರ್‌ಬೋರ್ಡ್. ಅಪ್ಪ ಯಾವು ಅಂದಷ್ಟೂ ಕೌಂಟರಿನ ಮೇಲೆ ಡಬ್ಬಿ ಏರಿತು. ಗಿರಾಕಿ ಸಾಕು ಅಂದರೂ ಸೌಟು ನಿಲ್ಲದ ಅಂಗಡಿ ಅಪ್ಪ ಅದೇ ಮೊದಲು ಕಂಡದ್ದು. ಕೀರ್ತನಣ್ಣ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡುತ್ತಿದ್ದ. ಎರಡೂ ಭಾಷೆ ಅರ್ಥವಾಗುತ್ತದಂತೆ ಅವನಿಗೆ! ಅಲ್ಲಿ ಎರಡೂ ಅರ್ಥ ತಿಳಿದವಳು ನಾನೊಬ್ಬಳೇ. ಒಂದು ಮಾತು ಹೇಳಿದ್ದರೆ ಸರಿಹೋಗುತ್ತಿತ್ತು. ಹೇಳಲಿಲ್ಲ. ನಾನು ಯಾಕೆ ಹೇಳಬೇಕು?

ಕೊನೆಗೆ ವಸಂತಕುಮಾರರೇ ಬೆವರು ಒರೆಸಿಕೊಂಡು ಏಣಿ ಬಿಟ್ಟು ಇಳಿದರು. “ಯಾವು ಯಾವು ಅಂತ ನನ್ನ ಕೇಳಿದ್ರ ನಾ ಏನ್ ಹೇಳ್ಲಿರಿ? ಆಡಾಕಿ ಯಾರು? ಈ ತಂಗಿ ಹೌದಲ್ಲೊ? ಆಕೀನ್ನ ಕೇಳ್ರಿ.” ಅಷ್ಟು ಹೇಳಿ ನನ್ನ ಕಡೆ ತಿರುಗಿದರು. “ನಿಮ್ಮ ಅಪ್ಪಾರು ಕೇಳಾಕತ್ತಾರವ್ವಾ. ಯಾವು?”

ನಮ್ಮಪ್ಪ ನನ್ನನ್ನು ಕೇಳುತ್ತಿದ್ದಾರಂತೆ. ಸುಳ್ಳು ಎಂದು ಗೊತ್ತಿತ್ತು. ಆದರೂ ಆ ಪ್ರಶ್ನೆ ನನ್ನ ಎದುರು ಬಂದು ನಿಂತಿತ್ತು, ಬಿಟ್ಟರೆ ಕೆಟ್ಟೆ. ಕೌಂಟರಿನ ಹತ್ತಿರ ಹೋಗಿ ಕೀರ್ತನಣ್ಣನ ಮೊಳಕೈಯನ್ನು ಪಕ್ಕಕ್ಕೆ ಸರಿಸಿದೆ.

“ಆ ಗಾಜಿನ ಡಬ್ಬಿ ತೆಗೀರಿ. ಕಪ್ಪು ಸಾದಾ ಕ್ಯಾಬಿನೆಟ್ ಕೊಡಿ, ಎದುರಿಗೆ ಜಾಲರಿ ಇರುವಂಥದ್ದು, ಗಾಳಿ ಆಡಬೇಕು. ಈ ಪ್ರೊಸೆಸರ್, ಇದಕ್ಕೆ ಈ ಬೋರ್ಡ್. ರ್‍ಯಾಮ್ ಎಂಟು ಜಿಬಿಯದ್ದು ಎರಡು. ಈ ಕಾರ್ಡ್.”

“ಇದರ ಮ್ಯಾಲಿಂದು ನೋಡ್ತಿಯೇನು? ಭಾಳ ಛಲೋ ಅದ” ಎಂದು ದೊಡ್ಡ ಡಬ್ಬಿಯೊಂದನ್ನು ಮುಂದೆ ತಳ್ಳಿದರು.

ಒಂದು ಗಳಿಗೆ ಆಸೆಯಾಯಿತು. ಅಪ್ಪನ ಮೇಲಿನ ಸಿಟ್ಟಿಗೆ ಅದನ್ನೇ ಎತ್ತಿಕೊಳ್ಳಬೇಕು ಅನ್ನಿಸಿತು. “ಬೇಡ. ನಾನು ಆಡುವ ಆಟಕ್ಕೆ ಇದು ಸಾಕು” ಅಂದೆ. ನನಗೆ ಎಷ್ಟು ಸಾಕು ಎಂದು ನನಗೆ ಗೊತ್ತಿದೆ. ಅದನ್ನು ಯಾರೂ ಇದುವರೆಗೆ ಕೇಳಿರಲಿಲ್ಲ ಅಷ್ಟೆ.

“ಪವರ್ ಸಪ್ಲೈ ಫ್ರೀದು ಬೇಡ, ಇದು ಕೊಡಿ.”

“ಫ್ರೀ ಸಿಗುವುದನ್ನು ಬಿಟ್ಟು...” ಅಪ್ಪನ ಬಾಯಿಂದ ತಾನಾಗಿ ಬಂತು.

“ಹೋಟೆಲಿಗೆ ಗ್ಯಾಸಿನ ಪೈಪು ಫ್ರೀ ಸಿಕ್ಕಿದ್ರೆ ಹಾಕ್ತೀರಾ ಪಪ್ಪ?” ಅಂದೆ.

ಕೀರ್ತನಣ್ಣನಿಗೆ ಅದನ್ನು ತಡೆಯಲಾಗಲಿಲ್ಲ. “ಕಾಕಾ, ಯೇ ಸಬ್ ವೇಸ್ಟ್ ಹೈ. ಮೈ ಬೋಲ್ತಾ ಹೂಂ ನಾ, ಇಸ್‌ಕೋ ಬೋಲೋ ಚುಪ್...”

ನಾನು ಕೈ ಮೇಲೆತ್ತಿದೆ. ಅಪ್ಪ ಎತ್ತುವ ಹಾಗೆಯೇ. ದನಿ ಮಾತ್ರ ಅಪ್ಪನದ್ದಾಗಿರಲಿಲ್ಲ.

“ಯಾವು, ಕೀರ್ತನಣ್ಣ!”

ಹುಟ್ಟಿದಂದಿನಿಂದ ಕೇಳಿಸಿಕೊಂಡ ಮಾತನ್ನು ಅದೇ ಮೊದಲು ನಾನು ಇನ್ನೊಬ್ಬರಿಗೆ ಆಡಿದ್ದು. ಅದು ಅಂಗಡಿಯ ಎರಡೂ ಗೋಡೆಗೆ ಬಡಿದು ಬಂತು. ಅಪ್ಪ ನನ್ನನ್ನೇ ನೋಡುತ್ತ ನಿಂತರು. ವಸಂತಕುಮಾರರು ಬಿಲ್ ಬರೆಯುತ್ತ ತಲೆ ಎತ್ತದೆ ಅಂದರು: “ಯಾವು ಅಂತ ಈಗ ನೀನs ಹೇಳಿದ್ಯಲ್ಲವ್ವಾ. ಅವs.”

ಕೀರ್ತನಣ್ಣ “ಫಿರ್ ಮುಝೆ ಬುಲಾಯಾ ಕ್ಯೂಂ?” ಎಂದು, ತನ್ನನ್ನು ಕರೆದದ್ದೇ ತಪ್ಪು ಎಂಬ ಹಾಗೆ, ಕಾರಿನ ಕೀಲಿ ಕುಲುಕುತ್ತ ಹೊರಗೆ ನಡೆದ. ಅಪ್ಪ ಅವನ ಹಿಂದೆ ಬಾಗಿಲ ತನಕ ಹೋದರು. ಹೋಗಿಯೇಬಿಡುತ್ತಾರೆ ಅಂದುಕೊಂಡೆ. ಇಷ್ಟು ವರ್ಷ ಹೋದವರು ಇವತ್ತು ಯಾಕೆ ನಿಂತಾರು? ಬಾಗಿಲಲ್ಲಿ ಅಪ್ಪನ ದನಿ ಕೇಳಿಸಿತು. “ನೀನು ಹೋಗು ಮಗಾ. ನಾವು ಗಾಡಿಯಲ್ಲಿ ಬರ್ತೇವೆ.” ಬಂದು ಮತ್ತೆ ಸ್ಟೂಲಿನ ಮೇಲೆ ಕುಳಿತರು. ಅವನಿಗೆ ಒಂದೇ ಒಂದು ಬಿರುಸು ಮಾತು ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ವಸಂತಕುಮಾರರು ಎಲ್ಲವನ್ನೂ ಜೋಡಿಸಿ, ಅಂಗಡಿಯ ಪರದೆಗೆ ಸಿಕ್ಕಿಸಿ ಚಾಲೂ ಮಾಡಿ ತೋರಿಸಿದರು. ಬಣ್ಣದ ದೀಪ ಒಂದೂ ಇರಲಿಲ್ಲ. ಫ್ಯಾನು ತಿರುಗಿದ ಸದ್ದು ಕೇಳಿ ನನಗೆ ಅಳು ಬಂತು, ನುಂಗಿದೆ.

ಭಾನುವಾರದ ಮಧ್ಯಾಹ್ನ ಗಾಡಿ ಖಾಲಿ ಇತ್ತು. ಅಪ್ಪ ಕಿಟಕಿಯ ಹತ್ತಿರ ಕುಳಿತು ಕ್ಯಾಬಿನೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರು, ಎರಡೂ ಕೈಯಿಂದ ಬಳಸಿ ಹಿಡಿದಿದ್ದರು. ನಾನು ಎದುರಿನ ಸೀಟಿನಲ್ಲಿ ಕುಳಿತೆ.

“ಆ ಜನ ಎಂತದು?” ಕಲ್ಯಾಣ ಬಂದಾಗ ಅಪ್ಪನೇ ಶುರುಮಾಡಿದರು. “ನಾನು ಯಾವು ಯಾವು ಅಂದಷ್ಟೂ ತಂದು ತಂದು ಇಡುವುದು!”

“ಅವರ ಭಾಷೆಯಲ್ಲಿ ಯಾವು ಅಂದ್ರೆ ಸಾಕು ಅಲ್ಲ, ಪಪ್ಪ. ಯಾವುದೆಲ್ಲ ಬೇಕು ಅಂತ ಕೇಳುವುದು.”

ಅಪ್ಪನ ಮುಖದಲ್ಲಿ ನಗು ಬಂತು, ಹೋಟೆಲಿನ ಕೌಂಟರಿನಲ್ಲಿ ಗಿರಾಕಿಯನ್ನು ಸಮಾಧಾನ ಮಾಡುವಾಗ ಬರುವ ನಗು. “ಹಾಗಾದ್ರೆ ನಾನು ನಿನ್ನನ್ನು ಚಿಕ್ಕಂದಿನಿಂದ ಕೇಳ್ತಾನೇ ಇದ್ದೆ ಅಂತ ಆಯ್ತು.”

ಅವರು ನನ್ನನ್ನೂ ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

“ಇಲ್ಲ ಪಪ್ಪ. ನೀವು ಒಂದು ಸಲವೂ ಕೇಳಲಿಲ್ಲ. ಸಾಕು ಅಂದಿರಿ.”

ನಗು ನಿಂತಿತು. ಅಪ್ಪ ಕಿಟಕಿಯ ಹೊರಗೆ ನೋಡಿದರು. ಒಂದು ಕೈ ಕ್ಯಾಬಿನೆಟ್ಟಿನ ಜಾಲರಿಯನ್ನು ಸುಮ್ಮನೆ ಸವರುತ್ತಿತ್ತು. ನಾನು ಹೇಳಿದ್ದು ಹೆಚ್ಚಾಯಿತೇನೋ ಎಂದು ಒಂದು ಕ್ಷಣ ಅನ್ನಿಸಿತು. ಹೆಚ್ಚಾಗಿರಲಿಲ್ಲ. ಅದು ಎಂದೋ ಹೇಳಬೇಕಿದ್ದ ಮಾತು.

ಠಾಕುರ್ಲಿ ದಾಟುವಾಗ ನನಗೆ ನೆನಪಾಯಿತು. “ಮಾನಿಟರ್ ಇಲ್ಲ. ಅದು ಅವನ ಕಾರಿನಲ್ಲೇ ಹೋಯ್ತು.”

“ಮನೆಯ ಹಳೆ ಟಿವಿ ಉಂಟಲ್ಲ, ಅದೇ...” ಅಂದರು ಅಪ್ಪ, ಎಂದಿನ ಹಾಗೆ, ಮೆಲ್ಲಗೆ. “ಯಾವು...”

ಅಷ್ಟಕ್ಕೆ ನಿಂತರು. ಬಾಯಿ ತೆರೆದೇ ಇತ್ತು. ಆಡಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಆಗುವುದಿಲ್ಲವಲ್ಲ. ಅಪ್ಪ ನನ್ನ ಮುಖ ನೋಡಿದರು, ಆ ಶಬ್ದದ ಬಾಲಕ್ಕೆ ಕನ್ನಡದ ಒಂದು ಅಕ್ಷರವನ್ನು ಸೇರಿಸಿದರು.

“...ದು?”

ಯಾವುದು ಬೇಕು ಎಂದು ನನಗೆ ಗೊತ್ತಿತ್ತು. ಎಷ್ಟು ಇಂಚಿನದ್ದು, ಯಾವ ಅಂಗಡಿಯದ್ದು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೇಳಿದ ಕೂಡಲೇ ಉತ್ತರ ಕೊಡಬೇಕೆಂದು ಎಲ್ಲಿದೆ? ಡೊಂಬಿವಲಿ ಬರಲಿ, ಆಮೇಲೆ ಹೇಳುತ್ತೇನೆ ಎಂದು ಸುಮ್ಮನೆ ಕುಳಿತೆ.

ಅಪ್ಪ ಕಾದರು.